ವಿಮಾನದ ಎಣ್ಣೆ ಖರ್ಚಿಗೆ ಫ್ಯೂಚರ್ಸ್‌ನಲ್ಲಿ ಹೆಡ್ಜ್: ಬಿಲ್ಲಿನಿಂದ ಲಾಟಿನವರೆಗೆ

ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇದೆ. ಸದ್ಯಕ್ಕೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಹೋಗಿಯೇ ವಿಮಾನ ಹತ್ತಬೇಕು. ಆ ವಿಮಾನದ ಟಿಕೆಟ್ಟನ್ನು ಕಂಪನಿ ಎರಡು ತಿಂಗಳು ಮೊದಲೇ ಮಾರಿರುತ್ತದೆ, ಇಂಧನವನ್ನು ಮಾತ್ರ ಹಾರುವ ದಿನ ಕೊಳ್ಳುತ್ತದೆ. ನಡುವೆ ಕಚ್ಚಾತೈಲ ಏರಿದರೆ ಟಿಕೆಟ್ ಕೊಂಡವರಿಂದ ಮತ್ತೆ ಹಣ ಕೇಳುವಂತಿಲ್ಲ. ವಿಮಾನ ಕಂಪನಿಯ ಖರ್ಚಿನಲ್ಲಿ ಇಂಧನದ್ದೇ ದೊಡ್ಡ ಪಾಲು, ಭಾರತದಲ್ಲಿ ಅದು ಹಲವು ಸಲ ಶೇ 40ರ ಹತ್ತಿರ ಹೋಗಿದ್ದಿದೆ. ಈ ಎರಡು ತಿಂಗಳ ಅಪಾಯವನ್ನು ಫ್ಯೂಚರ್ಸ್, ಅಂದರೆ ಮುಂದಿನ ತಾರೀಕಿನ ಎಣ್ಣೆಗೆ ಇಂದೇ ದರ ಗೊತ್ತುಮಾಡುವ ಒಪ್ಪಂದ ಕೊಂಡು ಇಳಿಸಿಕೊಳ್ಳುವುದೇ ಹೆಡ್ಜಿಂಗ್.

ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೂತವರಿಗೆ, ಆ ಕೆಲಸ ಕಲಿಯಬೇಕೆನ್ನುವ ವಾಣಿಜ್ಯ ಪದವೀಧರರಿಗೆ ಇದನ್ನು ಬರೆದಿದ್ದೇವೆ. ‘ನಿಮ್ಮ ಡೀಸೆಲ್‌ಗೂ ಕ್ರೂಡ್‌ನಲ್ಲಿ ಹೆಡ್ಜ್ ಮಾಡಿ’ ಎಂದು ಬ್ರೋಕರ್ ಕರೆ ಬರುವ ಲಾರಿ ಮಾಲೀಕರು, ಬೋಟು ಮಾಲೀಕರಿಗೂ ಕೊನೆಯಲ್ಲಿ ಒಂದು ಭಾಗವಿದೆ. ಅವರು ಅದನ್ನು ಓದದೆ ಖಾತೆ ತೆರೆಯಬಾರದು.

ಮೊದಲು ಬಿಲ್ಲು ಓದಿ

ಹೆಡ್ಜ್ ಕೆಟ್ಟುಹೋಗುವುದು ಹೆಚ್ಚಾಗಿ ಮಾರುಕಟ್ಟೆಯಲ್ಲಲ್ಲ, ಇಲ್ಲೇ. ನೀವು ಕೊಡುವ ದರ ಯಾವ ದರದ ಬೆನ್ನು ಹಿಡಿದು ಹೋಗುತ್ತದೆ ಎಂಬುದು ಗೊತ್ತಿಲ್ಲದೆ ಒಪ್ಪಂದ ಕೊಂಡರೆ ಅದು ಬರೀ ಸಟ್ಟಾ.

ಭಾರತದಲ್ಲಿ ವಿಮಾನದ ಇಂಧನ, ಅಂದರೆ ಎಟಿಎಫ್, ದರವನ್ನು ಸರ್ಕಾರಿ ತೈಲ ಕಂಪನಿಗಳು ಸಾಮಾನ್ಯವಾಗಿ ತಿಂಗಳ 1ನೇ ತಾರೀಕು ಪರಿಷ್ಕರಿಸುತ್ತವೆ. ಲೆಕ್ಕಕ್ಕೆ ಹಿಡಿಯುವುದು ಹಿಂದಿನ ಅವಧಿಯ ಅಂತರರಾಷ್ಟ್ರೀಯ ಸರಾಸರಿ ಬೆಲೆ ಮತ್ತು ಡಾಲರ್ ವಿನಿಮಯ ದರ. ಹಾಗಾಗಿ ಮೇ ತಿಂಗಳಲ್ಲಿ ತುಂಬುವ ಇಂಧನದ ಬೆಲೆ ಏಪ್ರಿಲ್‌ನಲ್ಲೇ ನಿಗದಿಯಾಗಿಬಿಟ್ಟಿರುತ್ತದೆ. ಮೇ ತಿಂಗಳಲ್ಲಿ ಕಚ್ಚಾತೈಲ ಕುಣಿದರೆ ಅದರ ಬಿಸಿ ತಟ್ಟುವುದು ಜೂನ್ ಬಿಲ್ಲಿಗೆ. ಈ ಒಂದು ತಿಂಗಳ ಅಂತರ ತಲೆಯಲ್ಲಿರಲಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಬಿಲ್ಲನ್ನು ಮೂರು ಸಾಲಾಗಿ ಒಡೆದು ಬರೆದುಕೊಳ್ಳಿ: ತೆರಿಗೆಗೆ ಮುಂಚಿನ ಮೂಲ ದರ, ಕೇಂದ್ರದ ಅಬಕಾರಿ ಸುಂಕ, ರಾಜ್ಯದ ವ್ಯಾಟ್. ಎಟಿಎಫ್ ಇನ್ನೂ ಜಿಎಸ್‌ಟಿಗೆ ಬಂದಿಲ್ಲ, ಹಾಗಾಗಿ ಗೋವಾದಲ್ಲಿ ತುಂಬಿದ ಲೀಟರ್‌ಗೂ ಹುಬ್ಬಳ್ಳಿಯಲ್ಲಿ ತುಂಬಿದ ಲೀಟರ್‌ಗೂ ತೆರಿಗೆ ಬೇರೆ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ಮಾರ್ಗಗಳಿಗೆ ರಿಯಾಯಿತಿ ತೆರಿಗೆ ಇದೆ. ವಿದೇಶಕ್ಕೆ ಹಾರುವ ವಿಮಾನಕ್ಕೆ ತುಂಬುವ ಇಂಧನಕ್ಕೆ ವ್ಯಾಟ್ ಇಲ್ಲ. ಪ್ರತಿ ನಿಲ್ದಾಣಕ್ಕೂ ಬೇರೆ ಸಾಲು ಹಾಕಿ.

ಲೀಟರನ್ನು ಬ್ಯಾರಲ್ ಮಾಡಿ

ಒಂದು ಬ್ಯಾರಲ್ ಎಂದರೆ 158.987 ಲೀಟರ್, ಲೆಕ್ಕಕ್ಕೆ 159 ಸಾಕು. ಕಿಲೋಲೀಟರ್ ದರವನ್ನು 0.159ರಿಂದ ಗುಣಿಸಿದರೆ ಬ್ಯಾರಲ್ ದರ. ವಿಮಾನದ ಬಳಕೆ ಕಿಲೋ ಲೆಕ್ಕದಲ್ಲಿ ಸಿಕ್ಕರೆ 0.8ರಿಂದ ಭಾಗಿಸಿ, ಲೀಟರ್ ಬರುತ್ತದೆ.

ನಾಲ್ಕು ಎಟಿಆರ್ 72 ವಿಮಾನ ಇರುವ ಸಣ್ಣ ಕಂಪನಿ ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 800 ಲೀಟರ್, ದಿನಕ್ಕೆ ಒಂದೊಂದು 9 ಗಂಟೆ ಹಾರುತ್ತದೆ. ದಿನಕ್ಕೆ 28,800 ಲೀಟರ್, 30 ದಿನಕ್ಕೆ 8,64,000 ಲೀಟರ್. ಬ್ಯಾರಲ್‌ನಲ್ಲಿ 5,434.

ಇದು ವೇಳಾಪಟ್ಟಿಯ ಲೆಕ್ಕ. ಹೆಡ್ಜ್‌ಗೆ ಹಿಡಿಯಬೇಕಾದದ್ದು ಖಂಡಿತ ಹಾರುವ ಗಂಟೆಗಳನ್ನು ಮಾತ್ರ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮ ಕರಾವಳಿಯ ಮಳೆ, ಮೋಡಕ್ಕೆ ವಿಮಾನ ರದ್ದಾಗುವುದು, ಬೇರೆ ಕಡೆ ತಿರುಗುವುದು ಇದ್ದದ್ದೇ. ಗೋವಾ ಮಾರ್ಗದಲ್ಲಿ ಪ್ರವಾಸಿಗರೂ ಕಡಿಮೆ. ಮಳೆಗಾಲದ ತಿಂಗಳಿಗೆ ಡಿಸೆಂಬರ್‌ನ ಸಂಖ್ಯೆ ಹಾಕಬೇಡಿ.

ಯಾವ ಒಪ್ಪಂದ

ವಿಮಾನದ ಇಂಧನಕ್ಕೇ ಮೀಸಲಾದ, ಕೈತುಂಬ ವಹಿವಾಟು ಇರುವ ಫ್ಯೂಚರ್ಸ್ ಇಲ್ಲ. ಹತ್ತಿರದ ಸಂಬಂಧಿಯನ್ನು ಹುಡುಕಿಕೊಳ್ಳಬೇಕು.

ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು, ಅದಕ್ಕೆ ಹತ್ತಿರದ್ದು ಡೀಸೆಲ್ ಒಪ್ಪಂದಗಳು. ನ್ಯೂಯಾರ್ಕ್‌ನ ನೈಮೆಕ್ಸ್ ವಿನಿಮಯ ಕೇಂದ್ರದ ಡೀಸೆಲ್ ಒಪ್ಪಂದ 42,000 ಗ್ಯಾಲನ್, ಅಂದರೆ 1,000 ಬ್ಯಾರಲ್. ಐಸ್ ವಿನಿಮಯ ಕೇಂದ್ರದ ಗ್ಯಾಸಾಯಿಲ್ (ಇದೂ ಡೀಸೆಲ್ ಜಾತಿಯದೇ) ಒಪ್ಪಂದ 100 ಟನ್, ಸುಮಾರು 745 ಬ್ಯಾರಲ್. ಉತ್ತರ ಸಮುದ್ರದ ಬ್ರೆಂಟ್ ಮತ್ತು ಅಮೆರಿಕದ ಡಬ್ಲ್ಯುಟಿಐ ಕಚ್ಚಾತೈಲದ ಒಪ್ಪಂದ 1,000 ಬ್ಯಾರಲ್. ದೊಡ್ಡ ಕಂಪನಿಗಳು ಬ್ಯಾಂಕಿನ ಜೊತೆ ಸಿಂಗಪುರದ ಜೆಟ್ ಇಂಧನ ದರಕ್ಕೆ ನೇರ ಸ್ವಾಪ್, ಅಂದರೆ ಏರಿಳಿಯುವ ದರಕ್ಕೆ ಬದಲು ನಿಗದಿ ದರ ಪಡೆಯುವ ಕರಾರು, ಮಾಡಿಕೊಳ್ಳುತ್ತವೆ. ಬಿಲ್ಲಿಗೆ ಅದೇ ಹೆಚ್ಚು ಹೊಂದುತ್ತದೆ.

ನಮ್ಮ ದೇಶದೊಳಗೆ ಸುಲಭವಾಗಿ ಸಿಗುವುದು ಎಂಸಿಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಕಚ್ಚಾತೈಲ. ಒಂದು ಒಪ್ಪಂದದ ಅಳತೆಗೆ ಲಾಟ್ ಎನ್ನುತ್ತಾರೆ: ದೊಡ್ಡ ಲಾಟ್ 100 ಬ್ಯಾರಲ್, ಮಿನಿ 10 ಬ್ಯಾರಲ್. ದರ ರೂಪಾಯಿಯಲ್ಲಿದೆ, ಹಾಗಾಗಿ ಡಾಲರ್ ಏರಿಳಿತವೂ ಅದರೊಳಗೇ ಸೇರಿಕೊಂಡಿರುತ್ತದೆ. ಪ್ರತ್ಯೇಕವಾಗಿ ಡಾಲರ್ ಹೆಡ್ಜ್ ಮಾಡಿ ಮೇಲೆ ಇದನ್ನೂ ಕೊಂಡರೆ ಅಷ್ಟು ಭಾಗಕ್ಕೆ ಎರಡು ಸಲ ಹೆಡ್ಜ್ ಆದ ಹಾಗೆ. ಒಪ್ಪಂದ ಮುಗಿದಾಗ ಎಣ್ಣೆ ಮನೆಗೆ ಬರುವುದಿಲ್ಲ, ನೈಮೆಕ್ಸ್‌ನ ಡಬ್ಲ್ಯುಟಿಐ ದರಕ್ಕೆ ನಗದು ಲೆಕ್ಕ ಚುಕ್ತಾ ಆಗುತ್ತದೆ. ತೊಂದರೆ ಎರಡು. ಹತ್ತಿರದ ಒಂದೆರಡು ತಿಂಗಳು ಬಿಟ್ಟರೆ ಮುಂದಿನ ತಿಂಗಳ ಒಪ್ಪಂದದಲ್ಲಿ ವಹಿವಾಟು ತೆಳು, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ದೊಡ್ಡದು. ಇನ್ನೊಂದು, ಡಬ್ಲ್ಯುಟಿಐ ಅಮೆರಿಕದ ಒಕ್ಲಹೋಮಾದ ಕುಶಿಂಗ್ ಎಂಬ ಊರಿನ ದರ. ನಿಮ್ಮ ಬಿಲ್ಲು ಕೊಲ್ಲಿ ದೇಶಗಳ ಕಡೆಯ ದರದ ಹಿಂದೆ ಹೋಗುತ್ತದೆ.

ಮೂರು ತಿಂಗಳಾಚೆಯ ಹೆಡ್ಜ್ ಬೇಕೆಂದರೆ ವಿದೇಶಿ ಮಾರುಕಟ್ಟೆಗೇ ಹೋಗಬೇಕು. ಸರಕಿನ ಬೆಲೆಯ ಅಪಾಯ ನಿಜವಾಗಿ ಇರುವ ಸಂಸ್ಥೆಗಳು ಬ್ಯಾಂಕಿನ ಮೂಲಕ ಹಾಗೆ ಹೆಡ್ಜ್ ಮಾಡಲು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ ಅವಕಾಶ ಕೊಟ್ಟಿತು, 2022ರ ಡಿಸೆಂಬರ್‌ನಲ್ಲಿ ಅದು ಪರಿಷ್ಕರಣೆಯಾಯಿತು. ವ್ಯಕ್ತಿಗಳಿಗೆ ಆ ಅವಕಾಶ ಇಲ್ಲ.

ಎಷ್ಟು ಲಾಟ್

ಇಲ್ಲಿ ಅವಸರ ಬೇಡ. 5,434 ಬ್ಯಾರಲ್ ಬಳಕೆ, ಅರ್ಧ ಹೆಡ್ಜ್ ಎಂದರೆ 2,717 ಬ್ಯಾರಲ್, ಅಂದರೆ 27 ಲಾಟ್ ಎಂದು ಹಲವರು ನಿಲ್ಲಿಸಿಬಿಡುತ್ತಾರೆ. ಇನ್ನೂ ಎರಡು ಗುಣಾಕಾರ ಬಾಕಿ ಇದೆ.

ಒಂದು ಬೀಟಾ. ಕಚ್ಚಾತೈಲ ಬ್ಯಾರಲ್‌ಗೆ 100 ರೂ. ಏರಿದರೆ ಎಟಿಎಫ್ ಮೂಲ ದರ ಎಷ್ಟು ಏರುತ್ತದೆ ಎಂಬ ಸಂಖ್ಯೆ. ಕನಿಷ್ಠ 36 ತಿಂಗಳ ದರ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ಒಂದು ಕಂಬಕ್ಕೆ ಎಟಿಎಫ್ ಮೂಲ ದರದ ತಿಂಗಳ ಬದಲಾವಣೆ, ಇನ್ನೊಂದಕ್ಕೆ ಕಚ್ಚಾತೈಲದ ತಿಂಗಳ ಸರಾಸರಿಯ ಬದಲಾವಣೆ, ಎರಡೂ ಬ್ಯಾರಲ್‌ಗೆ ರೂಪಾಯಿಯಲ್ಲಿ ಹಾಕಿ, ಸ್ಲೋಪ್ ಸೂತ್ರ ಕೊಡಿ. ದರವನ್ನೇ ಹಾಕಬೇಡಿ, ಬದಲಾವಣೆಯನ್ನು ಹಾಕಿ. ದರಗಳು ವರ್ಷಗಟ್ಟಲೆ ಜೊತೆಯಾಗಿ ಏರಿದ್ದರೆ ಸಂಬಂಧ ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಮೇ ತಿಂಗಳ ಎಟಿಎಫ್ ಎದುರು ಏಪ್ರಿಲ್‌ನ ಕಚ್ಚಾತೈಲ ಬರುವಂತೆ ಒಂದು ಸಾಲು ಜಾರಿಸಲು ಮರೆಯಬೇಡಿ. ಮರೆತರೆ ಬೀಟಾ 0.4, 0.5 ಎಂದು ಬಂದು ‘ಈ ಹೆಡ್ಜ್ ಕೆಲಸಕ್ಕೆ ಬಾರದು’ ಅನ್ನಿಸುತ್ತದೆ. ಜೊತೆಗೆ ಆರ್-ಸ್ಕ್ವೇರ್ ನೋಡಿ, ಎರಡು ದರಗಳ ಸಂಬಂಧ ಎಷ್ಟು ಗಟ್ಟಿ ಎಂದು 0ಯಿಂದ 1ರೊಳಗೆ ಹೇಳುವ ಸಂಖ್ಯೆ ಅದು. ಅದು 0.6ಕ್ಕಿಂತ ಕೆಳಗಿದ್ದರೆ ಒಪ್ಪಂದವನ್ನೇ ಬದಲಿಸುವುದು ಒಳ್ಳೆಯದು.

ಎರಡನೆಯದು ತೆರಿಗೆ. ಅಬಕಾರಿ ಮತ್ತು ವ್ಯಾಟ್ ಶೇಕಡಾವಾರು ಬೀಳುವುದರಿಂದ ಮೂಲ ದರ ಒಂದು ರೂಪಾಯಿ ಏರಿದರೆ ನಿಮ್ಮ ಕೈಯಿಂದ ಹೋಗುವುದು ಅದಕ್ಕಿಂತ ಹೆಚ್ಚು. ಅಬಕಾರಿ ಶೇ 11, ವ್ಯಾಟ್ ಶೇ 20 ಎಂದು ಹಿಡಿದರೆ 1.11 ಗುಣಿಸು 1.20, ಅಂದರೆ 1.332.

ಬೀಟಾ 1.10 ಬಂತೆಂದುಕೊಳ್ಳಿ. 2,717 ಗುಣಿಸು 1.10 ಗುಣಿಸು 1.332, ಸುಮಾರು 3,980 ಬ್ಯಾರಲ್. 27 ಲಾಟ್ ಅಲ್ಲ, 40 ಲಾಟ್. ಒಂದು ಎಚ್ಚರ: ತೆರಿಗೆ ಸೇರಿದ ದರದಿಂದಲೇ ಬೀಟಾ ತೆಗೆದಿದ್ದರೆ ಮತ್ತೆ 1.332ರಿಂದ ಗುಣಿಸಬಾರದು.

ಕಚ್ಚಾತೈಲ 6,000 ರೂ. ಇದ್ದದ್ದು 6,600ಕ್ಕೆ ಏರಿತು ಎಂದು ಪರೀಕ್ಷಿಸಿ ನೋಡಿ. 40 ಲಾಟ್, 4,000 ಬ್ಯಾರಲ್, 600 ರೂ. ಲಾಭ, ಒಟ್ಟು 24 ಲಕ್ಷ. ಇಂಧನದ ಬಿಲ್ಲು ಏರಿದ್ದು 5,434 ಬ್ಯಾರಲ್‌ಗೆ ತೆರಿಗೆ ಸೇರಿ ತಲಾ ಸುಮಾರು 879 ರೂ., ಒಟ್ಟು 47.8 ಲಕ್ಷ. ಅರ್ಧ ಮುಚ್ಚಿತು, ಬೇಕಾಗಿದ್ದದ್ದೂ ಅಷ್ಟೇ. 5,400ಕ್ಕೆ ಇಳಿದಿದ್ದರೆ ಅದೇ 24 ಲಕ್ಷ ನಷ್ಟ, ಬಿಲ್ಲಿನಲ್ಲಿ 47.8 ಲಕ್ಷ ಉಳಿತಾಯ.

ಅರ್ಧವೇ ಏಕೆ, ಪೂರ್ತಿ ಏಕಲ್ಲ? ಎಲ್ಲ ಕಂಪನಿಗಳಿಗೂ ಎಣ್ಣೆ ಅಗ್ಗವಾದಾಗ ಎದುರಾಳಿ ಟಿಕೆಟ್ ದರ ಇಳಿಸುತ್ತಾನೆ. ಪೂರ್ತಿ ಹೆಡ್ಜ್ ಮಾಡಿ ಕೂತವನಿಗೆ ಹಳೆಯ ದುಬಾರಿ ಎಣ್ಣೆಯೇ ಗತಿ, ಟಿಕೆಟ್ ಮಾತ್ರ ಹೊಸ ದರಕ್ಕೇ ಮಾರಬೇಕು. ಹತ್ತಿರದ ತಿಂಗಳಿಗೆ ಶೇ 50, ಅದರಾಚೆಗೆ 30, ಮೂರನೆಯದಕ್ಕೆ 15 ಎಂದು ಮೆಟ್ಟಿಲು ಮೆಟ್ಟಿಲಾಗಿ ಕೊಳ್ಳುವುದು ನಮ್ಮ ಮಟ್ಟಿಗೆ ಸರಿಯಾದ ಕ್ರಮ. ಒಂದೇ ದಿನ ಎಲ್ಲವನ್ನೂ ಕೊಂಡರೆ ಆ ದಿನದ ದರಕ್ಕೆ ಇಡೀ ಋತುವನ್ನು ಒತ್ತೆ ಇಟ್ಟ ಹಾಗಾಗುತ್ತದೆ.

ಯಾವಾಗ ಕೊಳ್ಳುವುದು, ಯಾವಾಗ ಬಿಡುವುದು

ಮೇ ತಿಂಗಳ ಇಂಧನದ ಬೆಲೆ ಏಪ್ರಿಲ್ ಸರಾಸರಿಯಲ್ಲಿ ನಿಗದಿಯಾಗುವುದಾದರೆ, ಅದರ ಹೆಡ್ಜ್ ಫೆಬ್ರುವರಿ, ಮಾರ್ಚ್‌ನಲ್ಲಿ ಹತ್ತಬೇಕು, ಏಪ್ರಿಲ್ ಉದ್ದಕ್ಕೂ ಸಮವಾಗಿ ಇಳಿಯಬೇಕು. ಏಪ್ರಿಲ್‌ನಲ್ಲಿ 20 ವಹಿವಾಟು ದಿನ ಇದ್ದರೆ ದಿನಕ್ಕೆ 2 ಲಾಟ್ ಮಾರಿ. ತಿಂಗಳ ಕೊನೆಗೆ ಒಂದೂ ಉಳಿದಿರಬಾರದು. ‘ಇವತ್ತು ದರ ಕೆಳಗಿದೆ, ನಾಳೆ ನಾಲ್ಕು ಒಟ್ಟಿಗೆ ಮಾರೋಣ’ ಎಂದು ಶುರುವಾದರೆ ಹೆಡ್ಜ್ ಮುಗಿದು ಸಟ್ಟಾ ಶುರುವಾಯಿತು ಎಂದೇ ತಿಳಿಯಿರಿ.

ಎಂಸಿಎಕ್ಸ್ ಕಚ್ಚಾತೈಲ ಒಪ್ಪಂದ ಸಾಮಾನ್ಯವಾಗಿ ತಿಂಗಳ 20ರ ಆಸುಪಾಸಿನಲ್ಲಿ ಮುಗಿಯುತ್ತದೆ. ಏಪ್ರಿಲ್ ಪೂರ್ತಿ ದಿನಕ್ಕೆರಡು ಮಾರಬೇಕಾದರೆ ಏಪ್ರಿಲ್ ಒಪ್ಪಂದ ಸಾಲದು, ಮೇ ಒಪ್ಪಂದ ಕೊಳ್ಳಬೇಕು. ಅದರಲ್ಲಿ ವಹಿವಾಟು ಸಾಲದಿದ್ದರೆ ಹತ್ತಿರದ್ದನ್ನು ಕೊಂಡು, ಮುಗಿಯುವ ನಾಲ್ಕೈದು ದಿನ ಮೊದಲೇ ಮುಂದಿನದಕ್ಕೆ ರೋಲ್ ಮಾಡಿ, ಅಂದರೆ ಅದನ್ನು ಮಾರಿ ಮುಂದಿನ ತಿಂಗಳದ್ದನ್ನು ಕೊಳ್ಳಿ. ಮುಂದಿನ ತಿಂಗಳ ದರ ಹೆಚ್ಚಿದ್ದರೆ ಆ ವ್ಯತ್ಯಾಸ ನಿಮ್ಮ ಖರ್ಚು.

ಮುಗಿಯುವ ದಿನದವರೆಗೆ ಕೂರಬಾರದು ಎನ್ನುವುದಕ್ಕೆ 2020ರ ಏಪ್ರಿಲ್ 20 ಸಾಕು. ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತ್ತು. ಆ ರಾತ್ರಿ ನೈಮೆಕ್ಸ್‌ನಲ್ಲಿ ಡಬ್ಲ್ಯುಟಿಐ ಶೂನ್ಯಕ್ಕಿಂತ ಕೆಳಗಿಳಿದು, ಬ್ಯಾರಲ್‌ಗೆ 37.63 ಡಾಲರ್ ಋಣಕ್ಕೆ ನಿಂತಿತು. ಇಲ್ಲಿ ಕೊಂಡು ಕೂತವರಿಗೆ ಋಣ 2,884 ರೂ. ದರದಲ್ಲಿ ಲೆಕ್ಕ ಚುಕ್ತಾ ಆಯಿತು. ಮಾರಿ ಹೊರಬರಲು ಬಾಗಿಲೇ ತೆರೆದಿರಲಿಲ್ಲ.

ವಹಿವಾಟಿನ ವೇಳೆ ಬೆಳಿಗ್ಗೆ 9ರಿಂದ ರಾತ್ರಿ 11.30, ಅಮೆರಿಕದ ಚಳಿಗಾಲದ ಗಡಿಯಾರಕ್ಕೆ 11.55. ಸಾಮಾನ್ಯವಾಗಿ ಬುಧವಾರ ರಾತ್ರಿ 8ಕ್ಕೆ, ಚಳಿಗಾಲದಲ್ಲಿ 9ಕ್ಕೆ, ಅಮೆರಿಕದ ತೈಲ ದಾಸ್ತಾನು ವರದಿ ಬರುತ್ತದೆ. ಆಗ ಮಾರ್ಕೆಟ್ ಆರ್ಡರ್ ಹಾಕಬೇಡಿ, ದರ ಹೇಳಿ ಲಿಮಿಟ್ ಆರ್ಡರ್ ಹಾಕಿ.

ಮಾರ್ಜಿನ್ ಹಣ

40 ಲಾಟ್, 6,000 ರೂ. ದರ: ಒಪ್ಪಂದದ ಮೌಲ್ಯ 2.4 ಕೋಟಿ. ಒಪ್ಪಂದ ಹಿಡಿಯಲು ಕಟ್ಟುವ ಠೇವಣಿಯೇ ಮಾರ್ಜಿನ್, ಅದು ದರದ ಏರಿಳಿತದ ಜೊತೆ ಬದಲಾಗುತ್ತದೆ. ಶೇ 30 ಎಂದಿಟ್ಟರೆ 72 ಲಕ್ಷ ಮೊದಲ ದಿನವೇ ಬೇಕು. ದರ 500 ರೂ. ಬಿದ್ದರೆ 20 ಲಕ್ಷ ರೊಕ್ಕ ಮರುದಿನ ಬೆಳಿಗ್ಗೆಯೇ ಕಟ್ಟಬೇಕು, ಬಿಲ್ಲಿನಲ್ಲಿ ಉಳಿಯುವ ಹಣ ಬರುವುದು ಒಂದೂವರೆ ತಿಂಗಳ ಮೇಲೆ. ಕಟ್ಟಲು ತಡವಾದರೆ ಬ್ರೋಕರ್ ನಿಮ್ಮ ಲಾಟ್‌ಗಳನ್ನು ಅಲ್ಲೇ ಮಾರಿ ಕೈತೊಳೆದುಕೊಳ್ಳುತ್ತಾನೆ. ನಷ್ಟ ಖಾತೆಗೆ ಬೀಳುತ್ತದೆ, ಹೆಡ್ಜೂ ಇರುವುದಿಲ್ಲ. ಮರುದಿನ ದರ ಏರಿದರೆ ಎರಡೂ ಕಡೆಯ ಪೆಟ್ಟು.

ಹಾಗಾಗಿ ಮಾರ್ಜಿನ್ ಜೊತೆಗೆ ಶೇ 20 ಕುಸಿತಕ್ಕೆ ಸಾಕಾಗುವಷ್ಟು, ಈ ಲೆಕ್ಕದಲ್ಲಿ 48 ಲಕ್ಷ, ಬೇರೆ ಇಡಿ ಅಥವಾ ಬ್ಯಾಂಕಿನಿಂದ ಸಾಲದ ಮಿತಿ ಮಂಜೂರು ಮಾಡಿಸಿಡಿ. 1.2 ಕೋಟಿ ಹೊಂದಿಸಲು ಆಗದಿದ್ದರೆ 40 ಲಾಟ್ ಕೊಳ್ಳಬೇಡಿ, 20 ಕೊಳ್ಳಿ.

ಹೀಗೆ ಮತ್ತೆ ಹಣ ಕಟ್ಟಿ ಎನ್ನುವ ಮಾರ್ಜಿನ್ ಕರೆ ಬೇಡವೆಂದರೆ ಕಾಲ್ ಆಪ್ಷನ್, ಅಂದರೆ ನಿಗದಿ ದರಕ್ಕೆ ಕೊಳ್ಳುವ ಹಕ್ಕು, ಕೊಳ್ಳಬಹುದು. ಅದರ ಬೆಲೆಯಾದ ಪ್ರೀಮಿಯಂ ಕೊಟ್ಟರೆ ಮುಗಿಯಿತು, ದರ ಬಿದ್ದರೆ ಅಷ್ಟೇ ನಷ್ಟ. ಪ್ರೀಮಿಯಂ ದುಬಾರಿ ಎಂದು ಅದನ್ನು ಸರಿದೂಗಿಸಲು ಪುಟ್, ಅಂದರೆ ನಿಗದಿ ದರಕ್ಕೆ ನಿಮಗೇ ಮಾರುವ ಹಕ್ಕನ್ನು, ಬೇರೆಯವರಿಗೆ ಮಾರುವುದು ಕಾಲರ್. ಇದರಲ್ಲಿ ಕೆಳಗಿನ ಬದಿ ತೆರೆದಿರುತ್ತದೆ. ಕಚ್ಚಾತೈಲ 2008ರ ಜುಲೈಯಲ್ಲಿ 147 ಡಾಲರ್ ಮುಟ್ಟಿ ಡಿಸೆಂಬರ್ ಹೊತ್ತಿಗೆ 40ರ ಕೆಳಗೆ ಬಿತ್ತು. ಪುಟ್ ಮಾರಿಕೊಂಡಿದ್ದ ಚೀನಾ ಈಸ್ಟರ್ನ್ ವಿಮಾನ ಕಂಪನಿ ಆ ವರ್ಷ ಸುಮಾರು 620 ಕೋಟಿ ಯುವಾನ್ ಹೆಡ್ಜ್ ನಷ್ಟ ತೋರಿಸಿತು. ಮಾರುವ ಪುಟ್‌ಗಳ ಬ್ಯಾರಲ್ ಎಂದೂ ಕೊಳ್ಳುವ ಕಾಲ್‌ಗಳ ಬ್ಯಾರಲ್‌ಗಿಂತ ಹೆಚ್ಚಿರಬಾರದು.

ಕಾಗದಪತ್ರ

ನಿರ್ದೇಶಕ ಮಂಡಳಿಯ ಠರಾವು, ಒಂದು ಪುಟದ ಹೆಡ್ಜ್ ನೀತಿ: ಯಾವ ಒಪ್ಪಂದ, ಗರಿಷ್ಠ ಶೇಕಡಾ ಎಷ್ಟು, ಎಷ್ಟು ತಿಂಗಳು ಮುಂದೆ, ಯಾರು ಆರ್ಡರ್ ಹಾಕುತ್ತಾರೆ, ಯಾರು ತಾಳೆ ನೋಡುತ್ತಾರೆ. ಆರ್ಡರ್ ಹಾಕುವವನೇ ಲೆಕ್ಕ ಬರೆಯಬಾರದು. ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 109ರ ಹೆಡ್ಜ್ ಲೆಕ್ಕಪದ್ಧತಿ ಬೇಕೆಂದರೆ ದಾಖಲೆ ಹೆಡ್ಜ್ ಶುರುವಾದ ದಿನವೇ ಸಿದ್ಧವಿರಬೇಕು, ಹಿಂದಿನ ತಾರೀಕು ಹಾಕುವಂತಿಲ್ಲ. ಅದಿಲ್ಲದಿದ್ದರೆ ಪ್ರತಿ ತ್ರೈಮಾಸಿಕದ ಏರಿಳಿತ ನೇರ ಲಾಭನಷ್ಟದ ಖಾತೆಗೆ ಬರುತ್ತದೆ. ಎಂಸಿಎಕ್ಸ್‌ನಲ್ಲಿ ಮಾರುವಾಗ ಶೇ 0.01 ಸರಕು ವಹಿವಾಟು ತೆರಿಗೆ ಇದೆ, ಅದನ್ನೂ ಸೇರಿಸಿ.

ಫಲಿತಾಂಶ ತೋರಿಸುವಾಗ ಹೆಡ್ಜ್ ಲಾಭನಷ್ಟವನ್ನು ಒಂಟಿಯಾಗಿ ತೋರಿಸಬೇಡಿ. ಇಂಧನದ ಬಿಲ್ಲು, ಹೆಡ್ಜ್ ಫಲ, ಎರಡೂ ಕೂಡಿ ಲೀಟರ್‌ಗೆ ಬಿದ್ದ ನಿವ್ವಳ ದರ, ಮೂರೂ ಒಂದೇ ಸಾಲಿನಲ್ಲಿರಲಿ. ಇಲ್ಲದಿದ್ದರೆ ದರ ಬಿದ್ದ ವರ್ಷ ‘24 ಲಕ್ಷ ಕಳೆದರು’ ಎಂದು ಹೆಡ್ಜ್ ನಿಲ್ಲಿಸುತ್ತಾರೆ, ಮುಂದಿನ ವರ್ಷವೇ ದರ ಏರುತ್ತದೆ.

ಎಲ್ಲಿ ಕೈಕೊಡುತ್ತದೆ

ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿ 2008ಕ್ಕೆ ಮುಂಚಿನ ಹತ್ತು ವರ್ಷ ಹೆಡ್ಜ್‌ನಿಂದ ನೂರಾರು ಕೋಟಿ ಡಾಲರ್ ಉಳಿಸಿತು. ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ 2014ರ ಕುಸಿತಕ್ಕೆ ಮುಂಚೆ ದೀರ್ಘಕಾಲದ ಒಪ್ಪಂದ ಕಟ್ಟಿಕೊಂಡು 2016ರಲ್ಲಿ 800 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಸಾಧನ ಒಂದೇ ಜಾತಿಯದು, ಕ್ಯಾಥೇಗೆ ಮುಳುವಾದದ್ದು ಅವಧಿಯ ಉದ್ದ.

2020ರಲ್ಲಿ ಕಷ್ಟ ಬೇರೆ. ವಿಮಾನಗಳು ನೆಲ ಹಿಡಿದವು, ಕೊಳ್ಳಲು ಇಂಧನವೇ ಬೇಕಿರಲಿಲ್ಲ, ಒಪ್ಪಂದ ಮಾತ್ರ ಉಳಿದವು. ಅರ್ಧಕ್ಕಿಂತ ಹೆಚ್ಚು ಹೆಡ್ಜ್ ಮಾಡದಿರಲು ಇದೂ ಕಾರಣ. 2022ರಲ್ಲಿ ಕಚ್ಚಾತೈಲಕ್ಕಿಂತ ಡೀಸೆಲ್, ಜೆಟ್ ಇಂಧನವೇ ಜಾಸ್ತಿ ಏರಿತು. ಸಂಸ್ಕರಣಾಗಾರದ ಅಂತರ, ಅಂದರೆ ಕ್ರ್ಯಾಕ್ ಸ್ಪ್ರೆಡ್, ಹಿಗ್ಗಿದಾಗ ಬರೀ ಕಚ್ಚಾತೈಲ ಕೊಂಡವರ ಹೆಡ್ಜ್ ಅರ್ಧದಾರಿಯಲ್ಲೇ ನಿಂತಿತು. ಬೀಟಾವನ್ನು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆಯಬೇಕಾದದ್ದು ಇದಕ್ಕೇ.

ಲಾರಿ, ಬಸ್ಸು, ಬೋಟು ಇದ್ದವರಿಗೆ

ಪಂಪಿನಲ್ಲಿ ಡೀಸೆಲ್ ಹಾಕಿಸುವವರು ಈ ಹೆಡ್ಜ್ ಮಾಡಬೇಡಿ. ಕಾರಣ ಬಿಲ್ಲಿನಲ್ಲೇ ಇದೆ. 2022ರ ಮೇ ನಂತರ ಸುಮಾರು ಎರಡು ವರ್ಷ ಕಚ್ಚಾತೈಲ ಎಷ್ಟು ಏರಿಳಿದರೂ ತೈಲ ಕಂಪನಿಗಳು ಪಂಪಿನ ಮೂಲ ದರ ಮುಟ್ಟಲಿಲ್ಲ, 2024ರ ಮಾರ್ಚ್‌ನಲ್ಲಿ 2 ರೂ. ಇಳಿಸಿದವು. ಕರ್ನಾಟಕದಲ್ಲಿ ಡೀಸೆಲ್ ಏರಿದ್ದು 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಶೇ 14.34ರಿಂದ 18.44ಕ್ಕೆ ಹೋದಾಗ, ಮತ್ತೆ 2025ರ ಏಪ್ರಿಲ್‌ನಲ್ಲಿ ಅದು 21.17 ಆದಾಗ. ರಾಜ್ಯದ ತೆರಿಗೆಗೆ ಎಂಸಿಎಕ್ಸ್‌ನಲ್ಲಿ ಲಾಟ್ ಸಿಗುವುದಿಲ್ಲ. ಕಚ್ಚಾತೈಲ ಬಿದ್ದರೆ ಮಾರ್ಜಿನ್ ಕಟ್ಟುತ್ತೀರಿ, ಪಂಪಿನಲ್ಲಿ ಒಂದು ಪೈಸೆಯೂ ಇಳಿದಿರುವುದಿಲ್ಲ.

ಬಲ್ಕ್ ದರಕ್ಕೆ, ಅಂದರೆ ಪಂಪಿನಲ್ಲಲ್ಲದೆ ತೈಲ ಕಂಪನಿಯಿಂದ ನೇರ ಸಗಟಾಗಿ, ಕೊಳ್ಳುವವರ ಸಂಗತಿ ಬೇರೆ. ಆ ದರ ಅಂತರರಾಷ್ಟ್ರೀಯ ಬೆಲೆಯ ಜೊತೆ ಓಡುತ್ತದೆ. 2022ರ ಮಾರ್ಚ್‌ನಲ್ಲಿ ಬಲ್ಕ್ ಡೀಸೆಲ್ ಒಂದೇ ಸಲ ಲೀಟರ್‌ಗೆ 25 ರೂ. ಆಸುಪಾಸು ಏರಿತ್ತು. ಪಂಪಿನ ದರ ಮಾತ್ರ ಇದ್ದಲ್ಲೇ ಇತ್ತು. ಹಾಗೆ ಕೊಳ್ಳುವ ಸಂಸ್ಥೆಗಳು ಮೇಲಿನ ಲೆಕ್ಕವನ್ನೇ ಹಾಕಬಹುದು. ಮೀನುಗಾರಿಕೆ ಸಂಘವಾದರೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನ ಯಾಂತ್ರೀಕೃತ ಬೋಟುಗಳು ಬೈತಕೋಲ, ತದಡಿ ಬಂದರುಗಳಲ್ಲಿ ದಡದಲ್ಲೇ ಇರುತ್ತವೆ, ಆ ಎರಡು ತಿಂಗಳಿಗೆ ಬ್ಯಾರಲ್ ಶೂನ್ಯ. ಆಗಸ್ಟ್‌ನಲ್ಲೂ ಕಡಲು ಒರಟಾಗಿದ್ದರೆ ಹೊರಡುವುದು ತಡ, ಅದಕ್ಕೆ ಮಿನಿ ಲಾಟ್‌ಗಳಲ್ಲೇ ಸಣ್ಣದಾಗಿ ಶುರು ಮಾಡಿ.

ಲಾರಿಯವರಿಗೆ ಬಾಡಿಗೆ ಕರಾರಿನಲ್ಲಿ ಡೀಸೆಲ್ ಕಲಮು ಹಾಕಿಸುವುದು ಫ್ಯೂಚರ್ಸ್‌ಗಿಂತ ಅಗ್ಗ. ಹುಬ್ಬಳ್ಳಿಯಿಂದ ಅರಬೈಲ್ ಘಾಟ್ ಇಳಿದು ಕಾರವಾರಕ್ಕೆ ಸುಮಾರು 165 ಕಿ.ಮೀ. ಲೀಟರ್‌ಗೆ 4 ಕಿ.ಮೀ. ಕೊಡುವ ಲಾರಿಗೆ ಒಂದು ಬದಿಗೆ 41 ಲೀಟರ್ ಬೇಕು, ಹಾಗಾಗಿ ಡೀಸೆಲ್ ಒಂದು ರೂಪಾಯಿ ಬದಲಾದರೆ ಹೋಗಿಬರುವ ಬಾಡಿಗೆ 82 ರೂ. ಬದಲಾಗಬೇಕು. ಯಾವ ಊರಿನ ಪಂಪು, ಯಾವ ತಾರೀಕಿನ ದರ ಎಂಬುದನ್ನು ಕರಾರಿನಲ್ಲೇ ಬರೆಸಿ. ಮಾಜಾಳಿ ಗಡಿ ದಾಟಿ ಗೋವಾದಲ್ಲಿ ಟ್ಯಾಂಕ್ ತುಂಬಿಸಿ ಬರುವ ಲಾರಿಗೆ ಯಾವ ದರ ಹಿಡಿಯಬೇಕು ಎಂಬ ಜಗಳ ಬರುವುದು ಅದನ್ನು ಬರೆಸದಿದ್ದಾಗಲೇ.